ಚಾದರದ ಮೇಲಿನ ಕಂದು ಚುಕ್ಕೆ

ಹೋಟೆಲಿನಿಂದ ಚಾದರಗಳು ಮತ್ತೆ ವಾಪಸು ಬಂದವು. ಅತ್ತೆ ಗಂಟು ಬಿಚ್ಚಿ ಒಂದನ್ನು ಸೊಸೆಯ ಮುಖದ ಮುಂದೆ ಹಿಡಿದಳು. ಬಿಳಿ ಬಟ್ಟೆಯ ತುಂಬ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು.

"ಇದೇನು ಚಾದರಾನೋ, ಚಿರತೆ ಚರ್ಮಾನೋ?"

"ಚೆನ್ನಾಗಿ ಜಾಲಿಸಿದ್ದೀನಿ ಅತ್ತೆ."

"ಫೋನಲ್ಲಿ ಹರಟೆ ಹೊಡೀತಾ ಜಾಲಿಸಿರ್ತೀಯ. ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತಾರಂತೆ. ಆಮೇಲೆ ನೀನೂ ನಾನೂ ಎದುರುಬದುರು ಕೂತು ಗಾಳಿ ಕುಡಿಯೋದೇ."

ಹೋಟೆಲಿನ ಚಾದರಗಳೇ ಅತ್ತೆ ಸೊಸೆಯ ಲಾಂಡ್ರಿಯ ಜೀವ. ಬಿಡಿ ಗಿರಾಕಿಗಳು ಮನೆಯಲ್ಲೇ ಒಗೆಯುವ ಯಂತ್ರ ಇಟ್ಟುಕೊಂಡು ಎಷ್ಟೋ ಕಾಲವಾಗಿತ್ತು. ಅಂಗಡಿ ಇದ್ದದ್ದು ಮೇಲ್ಸೇತುವೆಯ ಇಳಿಜಾರು ಮುಗಿಯುವಲ್ಲಿ, ಸಿಗ್ನಲ್ಲಿಗೆ ಎದುರು. ಬಟ್ಟೆ ಒಣಗುತ್ತಿದ್ದದ್ದು ತಾರಸಿಯಲ್ಲಿ. ಹೊಗೆ ಕಾರುವ ಹಳೆಯ ಗಾಡಿಗಳನ್ನು ನಿಷೇಧಿಸಿ 'ಹೊಗೆಮುಕ್ತ ರಸ್ತೆ' ಎಂದು ಹಸಿರು ಫಲಕ ನೆಟ್ಟ ಮೇಲೆ ಅತ್ತೆಗೆ ತಾರಸಿಯ ಮೇಲೆ ಭಾರಿ ನಂಬಿಕೆ. ಹಾಗಾಗಿ ತಪ್ಪು ಸೊಸೆಯದೇ ಆಗಿರಬೇಕಿತ್ತು.

ಇಬ್ಬರಿಗೂ ಗೊತ್ತಿದ್ದ ಮದ್ದು ಬ್ಲೀಚು. ಹೋಗದಿದ್ದರೆ ಇನ್ನಷ್ಟು ಬ್ಲೀಚು. ಒಣಗಿದ ಚಾದರಕ್ಕೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಬೆಳಗಿನವರೆಗೆ ಹದಕ್ಕೆ ಬಿಟ್ಟು ಇಸ್ತ್ರಿ ಮಾಡುವುದು ಅತ್ತೆಯ ಅತ್ತೆಯಿಂದ ಬಂದ ಪದ್ಧತಿ. ಸುತ್ತುವಾಗ ಬೆಳ್ಳಗಿದ್ದದ್ದು ಬಿಚ್ಚುವಾಗ ಚುಕ್ಕೆ.

ಒಂದು ಮಧ್ಯಾಹ್ನ ಪಕ್ಕದ ಅಂಗಡಿಯ ಟೇಲರ್ ಇವರ ತಾರಸಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದವನು ಗುಂಡುಸೂಜಿಯ ಡಬ್ಬಿ ಚೆಲ್ಲಿದ. ಹೆಕ್ಕಲು ನೆಲದ ಮೇಲೆ ಅಯಸ್ಕಾಂತ ಆಡಿಸಿದ. ಸೂಜಿಗಳ ಜೊತೆ ಕರಿ ಪುಡಿಯೂ ಎದ್ದು ಅಯಸ್ಕಾಂತಕ್ಕೆ ಗಡ್ಡ ಬೆಳೆಯಿತು.

"ಅಕ್ಕಾ, ನಿಮ್ಮ ತಾರಸೀಲಿ ಕಬ್ಬಿಣದ ಗಣಿ ಇದೆ. ಯಾರಿಗೂ ಹೇಳ್ಬೇಡಿ!"

ಸೊಸೆ ನಗಲಿಲ್ಲ. ಪುಡಿಯನ್ನು ಒದ್ದೆ ಬಿಳಿ ಚಿಂದಿಯಲ್ಲಿ ಸುತ್ತಿಟ್ಟಳು. ಬೆಳಿಗ್ಗೆ ಚಿಂದಿಯ ಮೇಲೆ ಅದೇ ಕಂದು ಚುಕ್ಕೆ. ತುಕ್ಕು.

ಕೆಳಗೆ ಸಿಗ್ನಲ್ಲಿನಲ್ಲಿ ಹೊಗೆ ತಪಾಸಣೆಯ ಅಧಿಕಾರಿ ಕಾರುಗಳ ಕೊಳವೆಗೆ ಯಂತ್ರ ಇಡುತ್ತಿದ್ದ. ಸೊಸೆ ಚಿಂದಿ ತೋರಿಸಿದಳು.

"ಬ್ರೇಕ್ ಪುಡಿ ಇದು," ಎಂದ ಆತ, ಅಚ್ಚರಿಯಿಲ್ಲದೆ. "ಇಳಿಜಾರಲ್ಲಿ ಎಲ್ಲರೂ ಬ್ರೇಕ್ ಒತ್ತುತ್ತಾರೆ, ಕಬ್ಬಿಣ ಸವೆದು ಹಾರುತ್ತೆ. ಟೈರೂ ಸವೆಯುತ್ತೆ, ರಸ್ತೇನೂ ಸವೆಯುತ್ತೆ. ನೀರು ತಾಗಿದ್ರೆ ಕಬ್ಬಿಣ ತುಕ್ಕಾಗುತ್ತೆ. ಬ್ಲೀಚ್ ಹಾಕಿದ್ರೆ ಇನ್ನೂ ಬೇಗ."

"ಮತ್ತೆ ಇದನ್ನ ಯಾಕೆ ಹಿಡಿಯಲ್ಲ ಸರ್?"

"ನಮಗೆ ಕೊಟ್ಟಿರೋದು ಕೊಳವೆ ಮಾತ್ರಮ್ಮ. ಕೊಳವೇಲಿ ಬರದೇ ಇರೋದು ನಮ್ಮ ಲೆಕ್ಕಕ್ಕೆ ಬರಲ್ಲ."

ಸೊಸೆ ಹೇಳಿದ್ದನ್ನು ಕೇಳಿ ಅತ್ತೆ ಟೇಲರನ ಅಯಸ್ಕಾಂತ ಇಸಿದುಕೊಂಡು ಬಂದಳು. ಅದನ್ನು ಎದೆಗೆ ಒತ್ತಿಕೊಂಡಳು.

"ಅಂಟಿಕೊಳ್ಳುತ್ತಾ ನೋಡು. ನಾನೂ ಇಲ್ಲೇ ತಾನೆ ಒಣಗಿದ್ದು?"

ಸೊಸೆಯನ್ನು ಬೈದದ್ದಕ್ಕೆ ತಪ್ಪಾಯಿತೆಂದು ಅವಳು ಹೇಳಿದ್ದು ಅಷ್ಟೇ.

ಅಂದಿನಿಂದ ಬ್ಲೀಚು ನಿಂತಿತು, ನೀರು ಚಿಮುಕಿಸುವುದೂ ನಿಂತಿತು. ಆದರೆ ಒದ್ದೆ ಚಾದರ ತಾರಸಿಗೆ ಹೋದರೆ ಪುಡಿ ಕೂರುವುದು ತಪ್ಪದು. ಬಟ್ಟೆ ಒಣಗಿಸುವ ಬಿಸಿಗಾಳಿ ಯಂತ್ರ ಅವರ ಕೈಗೆ ಎಟುಕುವಂಥದ್ದಲ್ಲ. ಕಿಟಕಿ ಮುಚ್ಚಿ ತಾವು ವಾಸವಿದ್ದ ಕೋಣೆಯೊಳಗೇ ಹಗ್ಗ ಕಟ್ಟಿದರು. ಮಂಚ, ಒಲೆ, ಕನ್ನಡಿ ಎಲ್ಲವೂ ಚಾದರದ ಹಿಂದೆ ಮರೆಯಾದವು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಕೂಗಿ ಹುಡುಕಿಕೊಂಡು ಊಟ ಮಾಡಿದರು. ಈ ಸಲ ಒಂದು ಚುಕ್ಕೆಯೂ ಇರಲಿಲ್ಲ.

ಹೋಟೆಲಿನ ಮ್ಯಾನೇಜರ್ ಚಾದರವನ್ನು ಬೆಳಕಿಗೆ ಹಿಡಿದು ಮೆಚ್ಚಿ ತಲೆಯಾಡಿಸಿದ. ಆಮೇಲೆ ಮೂಗಿನ ಹತ್ತಿರ ತಂದ.

"ಮುಗ್ಗಲು ವಾಸನೆ."

"ಹೊರಗೆ ಹಾಕಿದ್ರೆ ಬ್ರೇಕ್ ಪುಡಿ ಕೂರುತ್ತೆ ಸರ್. ನೋಡಿ, ಇಲ್ಲಿ ತಂದಿದ್ದೀನಿ—" ಎಂದು ಸೊಸೆ ಚುಕ್ಕೆಯ ಚಿಂದಿ ಚಾಚಿದಳು.

"ಒಪ್ತೀನಮ್ಮ. ನಿಮ್ಮ ತಪ್ಪಲ್ಲ," ಎಂದ ಮ್ಯಾನೇಜರ್, ನಿಜವಾದ ಮರುಕದಿಂದ. "ಆದ್ರೆ ಮಲಗೋರಿಗೆ ಇದನ್ನೆಲ್ಲ ಹೇಳೋಕಾಗುತ್ತಾ?"

ಚಾದರಗಳು ಊರಾಚೆಯ ದೊಡ್ಡ ಲಾಂಡ್ರಿಗೆ ಹೋದವು. ದಿನಾ ಬೆಳಿಗ್ಗೆ ಅದರ ವ್ಯಾನು ಮೇಲ್ಸೇತುವೆಯಿಂದ ಇಳಿದು ಬರುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಿಳಿ ಚಾದರಗಳನ್ನು ಹೊತ್ತು. ಸಿಗ್ನಲ್ ಕೆಂಪಾಗಿದ್ದರೆ ಸರಿಯಾಗಿ ಇವರ ಬಾಗಿಲ ಮುಂದೆ ಕಿರ್ರೆಂದು ನಿಲ್ಲುತ್ತದೆ.

"ಪರವಾಗಿಲ್ಲ," ಎನ್ನುತ್ತಾಳೆ ಅತ್ತೆ, ಸೆರಗಿನಿಂದ ಮೂಗು ಮುಚ್ಚಿಕೊಂಡು. "ಬ್ರೇಕ್ ಚೆನ್ನಾಗಿ ಹಿಡಿಯುತ್ತೆ."