ಗೋಡೆಯ ಮೇಲಿನ ಪಾತ್ರ

2003ರ ನವೆಂಬರ್ 14, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಗಂಡನ ಕಾಲು ಮಡಿಸಲು ಬಂದ ಭಾವನ ಕೈಯನ್ನು ಶಿವಲೀಲಾ ತಡೆದಳು.

"ಈಗ್ಲೇ ಬ್ಯಾಡಿ ಭಾವ. ಬೆಂಗ್ಳೂರಿಂದ ಸೀರಿಯಲ್‌ನೋರು ಬರ್ತಾರೆ."

ಶ್ರೀನಾಥನ ಜೀವ ಹೋಗಿ ಎರಡೂವರೆ ಗಂಟೆಯಾಗಿತ್ತು. ಅವರಲ್ಲಿ ಸತ್ತವರನ್ನು ಪದ್ಮಾಸನದಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಮೈ ಬಿಗಿಯುವ ಮೊದಲೇ ಕೂರಿಸಬೇಕು.

"ಬಂದೋರು ಕುಂತಿರೋನ್ನೇ ನೋಡ್ಲಿ ಕಣವ್ವ," ಎಂದರು ಮಹಾದೇವಯ್ಯ. "ತಡ ಮಾಡಿದ್ರೆ ಕಾಲು ಬಗ್ಗಲ್ಲ."

"ತಲೆಗೆ ಬಟ್ಟೆ ಕಟ್ಟಿ, ಮುಖದ ತುಂಬಾ ಈಬೂತಿ ಬಳಿದ್ರೆ ಅವ್ರಿಗೆ ಇವ್ರ ಗುರುತೇ ಸಿಕ್ಕಲ್ಲ. ಒಂದ್ಸಲ ಮುಖ ನೋಡ್ಲಿ. ಹನ್ನೆರಡ್ರೊಳಗೆ ಬೆಳಗೋಡಲ್ಲಿ ಇರ್ತೀವಿ ಅಂತ ಅವ್ರ ಮ್ಯಾನೇಜರ್ ಫೋನಲ್ಲಿ ಹೇಳವ್ರೆ."

ಪಕ್ಕದ ಮನೆಯ ಗುರುಶಾಂತಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ದಿನಾ ನಮ್ಮನೆ ಟೀವೀಲಿ ಹಾರ ಹಾಕ್ಕಂಡು ನಗ್ತಿದ್ದ. ಈಗ ನಾವೇ ಹಾಕೋ ಹಂಗಾಯ್ತಲ್ಲವ್ವಾ!"

*

ಸಿನಿಮಾಗಳಲ್ಲಿ ಶ್ರೀನಾಥನಿಗೆ ಸಿಕ್ಕಿದ್ದು ಪೇದೆ, ಕಾಂಪೌಂಡರ್, ಮದುವೆಮನೆಯ ನೆಂಟ. ಮಾತಿದ್ದ ಒಂದೇ ದೃಶ್ಯ ಸಕಲೇಶಪುರದ ಟಾಕೀಸಿಗೆ ಬರುವಷ್ಟರಲ್ಲಿ ಕತ್ತರಿಸಿ ಹೋಗಿತ್ತು. ಸೀರಿಯಲ್‌ನಲ್ಲಿ ಮಾತ್ರ ನೆಲೆ ನಿಂತ: ನಾಯಕಿಯ ಸತ್ತ ಅಪ್ಪನಾಗಿ, ಹಾರ ಹಾಕಿದ ಫೋಟೋದಲ್ಲಿ. ಅದನ್ನು ತೆಗೆಸಲು ಕರೆಸಿದ್ದು ಒಂದೇ ದಿನ.

ಮೊದಲ ಸಂಜೆ ನೋಡಿದವಳೇ ಶಿವಲೀಲಾ ಎದ್ದು ಟೀವಿ ಆರಿಸಿದ್ದಳು. "ಥೂ, ಬದುಕಿರೋರ ಫೋಟೋಕ್ಕೆ ದೀಪ ಹಚ್ಚವ್ರಲ್ರೀ!"

"ಸುಮ್ನಿರೇ ಮಾರಾಯ್ತಿ. ಅಪ್ಪನ ಫ್ಲ್ಯಾಶ್‌ಬ್ಯಾಕ್ ಬರ್ತದೆ ಅಂದವ್ರೆ. ಆಗ ನೋಡು, ಎರಡು ವಾರ ಪೂರ್ತಿ ನಂದೇ ಮಾತು."

ಆ ಮಾತುಗಳನ್ನು ತಾನೇ ಕಟ್ಟಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳಿಗೆ ಹೇಳಿ ತೋರಿಸುತ್ತಿದ್ದ. ಯಾವಾಗ ಕರೆಯುತ್ತಾರೋ ಎಂದು, ಫೋಟೋದಲ್ಲಿದ್ದ ಮೀಸೆಯ ಅಂಚನ್ನು ನಾಲ್ಕು ವರ್ಷ ಬದಲಿಸಲಿಲ್ಲ.

*

ಹನ್ನೆರಡು ಕಳೆದರೂ ಯಾರೂ ಬರಲಿಲ್ಲ; ಮಧ್ಯಾಹ್ನ ಮೂರೂವರೆಗೆ ಫೋನು ಬಂತು. ಶಿವಲೀಲಾ ತಾನೇ ಓಡಿಹೋಗಿ ಎತ್ತಿಕೊಂಡಳು.

"ಶೂಟಿಂಗ್ ಬಿಟ್ಟು ಬರೋಕಾಗ್ಲಿಲ್ಲಮ್ಮ, ಬೇಜಾರು ಮಾಡ್ಕೋಬೇಡಿ," ಎಂದ ಮ್ಯಾನೇಜರ್.

"ಇವ್ರ ಫ್ಲ್ಯಾಶ್‌ಬ್ಯಾಕು?"

"ಕತೇಲಿ ಅಂಥದ್ದೇನೂ ಇರ್ಲಿಲ್ವಲ್ಲಮ್ಮ. ಸೀರಿಯಲ್ಲಿಗೆ ತೊಂದ್ರೆ ಇಲ್ಲ, ಫೋಟೋ ನಮ್ಮತ್ರಾನೇ ಇದೆ."

ಅವಳು ಒಳಬಂದಾಗ ಮಹಾದೇವಯ್ಯ ತಮ್ಮನ ಮೊಣಕಾಲು ಒತ್ತಿ ನೋಡುತ್ತಿದ್ದರು. ದವಡೆಯಲ್ಲಿ ಶುರುವಾದ ಬಿಗಿತ ಯಾವಾಗಲೋ ಕಾಲಿಗಿಳಿದಿತ್ತು.

"ಬಲ ಹಾಕಿ ಒತ್ತಿದ್ರೆ ಬಗ್ಗೀತು. ನೀನು ಆಚೆ ಹೋಗವ್ವ, ಸದ್ದು ಕೇಳಬ್ಯಾಡ."

"ಮುರೀಬ್ಯಾಡಿ ಭಾವ." ಅವಳು ಗಂಡನ ಎರಡೂ ಮೊಣಕಾಲುಗಳ ಮೇಲೆ ಕೈಯಿಟ್ಟು ಕೂತಳು. "ಹಿಂಗೇ ಇರ್ಲಿ."

"ನಮ್ಮ ಮನೇಲಿ ಯಾರ್ನೂ ಮಲಗ್ಸಿ ಮಣ್ಣು ಮಾಡಿಲ್ಲ ಕಣವ್ವ."

ಅವಳು ಕೈ ತೆಗೆಯಲಿಲ್ಲ. ಮಹಾದೇವಯ್ಯ ಗುಂಡಿ ತೋಡುವ ಬೋರಯ್ಯನಿಗೆ ಹೇಳಲು ಹೊರಗೆ ಹೋದರು.

ಗದ್ದೆಯ ಮೇಲಿನ ದಿಬ್ಬದಲ್ಲಿ, ಕೂರಿಸಲೆಂದು ಬೆಳಿಗ್ಗೆಯೇ ಚೌಕವಾಗಿ ತೆಗೆದಿದ್ದ ಗುಂಡಿಯ ಒಂದು ಪಕ್ಕವನ್ನು ಬೋರಯ್ಯ ಮತ್ತೆ ಅಗೆಯತೊಡಗಿದ. ಹೊತ್ತು ಮುಳುಗುವ ಮುಂಚೆ ಟೇಪು ಹಿಡಿದು ನೋಡಿದಾಗ ಗುಂಡಿಯ ಉದ್ದ ಆರಡಿ ಎರಡು ಇಂಚು ಇತ್ತು.