ಕಮಾನು ಮರೆತ ಗೆರೆ

ನಕ್ಷೆಗಾರನ ತಂಗಿಯ ಮಗಳಿಗೆ ಎರಡು ವರ್ಷ ಎಂಟು ತಿಂಗಳು. ಅವಳು ಇನ್ನೂ ಅಪ್ಪನನ್ನು ನೋಡಿಲ್ಲ. ನೋಡಿರುವುದು ಗೋಡೆಯ ಮೇಲಿನ ಫೋಟೊವನ್ನು. ಊಟಕ್ಕೆ ಕೂತಾಗ ಮೊದಲ ತುತ್ತನ್ನು ಅದಕ್ಕೆ ತೋರಿಸಿ, ಅದು ಬಾಯಿ ತೆರೆಯದಿದ್ದಾಗ ತಾನೇ ತಿಂದುಬಿಡುತ್ತಾಳೆ. ಫೋಟೊದಲ್ಲಿರುವಾತ ಸೇನೆಯ ಹೇಸರಗತ್ತೆ ತುಕಡಿಯಲ್ಲಿ ಲಾಳ ಕಟ್ಟುವವನು. ಲಾರಿ ಹತ್ತಲಾರದ ಬೆಟ್ಟದ ಕಾವಲುಠಾಣೆಗಳಿಗೆ ಸಾಮಾನು ಹೊರುವ ನಲವತ್ತು ಹೇಸರಗತ್ತೆಗಳ ನೂರ ಅರವತ್ತು ಗೊರಸುಗಳು ಅವನ ಪಾಲಿನವು. ಅವನು ಸತ್ತಿಲ್ಲ, ಓಡಿಹೋಗಿಲ್ಲ, ಹೆಂಡತಿಯ ಜೊತೆ ಮುನಿಸಿಕೊಂಡೂ ಇಲ್ಲ. ರಜೆ ಸಿಗುತ್ತಿಲ್ಲ, ಅಷ್ಟೆ.

ಯಾಕೆ ಸಿಗುತ್ತಿಲ್ಲ ಎಂಬುದು ಆ ಮನೆಯಲ್ಲಿ ನಕ್ಷೆಗಾರನೊಬ್ಬನಿಗೇ ಗೊತ್ತಿತ್ತು. ಅವನು ಬಾಯಿ ಬಿಟ್ಟಿರಲಿಲ್ಲ.

"ಅಣ್ಣ, ನಿನ್ನೆ ಇವರ ಕಾಗದ ಬಂತು," ಎಂದಳು ತಂಗಿ, ಬೆಳಿಗ್ಗೆ ಅವನ ಮುಂದೆ ಟೀ ಲೋಟ ಇಡುತ್ತ. "ಈಜು ಪರೀಕ್ಷೆ ಮಾಡಿದ್ರಂತೆ."

"ಯಾರಿಗೆ?"

"ಇಡೀ ತುಕಡಿಗೆ. ಅಲ್ಲಿ ನೀರಿಲ್ಲ ಅಂತ ಹುಲ್ಲಿನ ಮೇಲೆ ಬೋರಲು ಮಲಗಿಸಿ ಕೈಕಾಲು ಆಡಿಸೋಕೆ ಹೇಳಿದ್ರಂತೆ. ಇವರು ಪಾಸು."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಗೊರಸು ಕೆರೆಯೋ ಮನುಷ್ಯನಿಗೆ ಈಜು ಯಾಕೆ? ನೀನು ಅದೇ ಆಫೀಸಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದೀಯ. ಹೋಗಿ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?"

ನಕ್ಷೆಗಾರ ಟೀಯ ಮೇಲೆ ಕಟ್ಟುತ್ತಿದ್ದ ಕೆನೆಯನ್ನು ನೋಡುತ್ತ ಕುಳಿತ. ಅವನ ಮೌನಕ್ಕೆ ತಂಗಿ ಒಗ್ಗಿಹೋಗಿದ್ದಳು. ಅಣ್ಣ ಮೊದಲಿಂದಲೂ ಮಾತು ಕಡಿಮೆ ಎಂದುಕೊಂಡಿದ್ದಳು. ಮೊದಲಿನ ಮೌನ ಬೇರೆ, ಈ ಎರಡು ವರ್ಷ ಎಂಟು ತಿಂಗಳದ್ದು ಬೇರೆ ಎಂಬುದು ಅವನಿಗೆ ಮಾತ್ರ ಗೊತ್ತು.

ರಕ್ಷಣಾ ಇಲಾಖೆಯ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನಕ್ಷೆ ಶಾಖೆ. ಅಲ್ಲಿನ ಹದಿನಾಲ್ಕು ಅಡಿ ಗೋಡೆಯ ಮೇಲೆ ದೇಶದ ಸೈನ್ಯವೆಲ್ಲ ಚೌಕಗಳಾಗಿ ನಿಂತಿತ್ತು. ನೆತ್ತಿಯಲ್ಲಿ ಮಂತ್ರಿಗಳ ಚೌಕ, ಅದರ ಕೆಳಗೆ ಕಾರ್ಯದರ್ಶಿ, ಆಮೇಲೆ ಭೂಸೇನೆ, ನೌಕಾಪಡೆ, ವಾಯುಪಡೆ ಎಂದು ಮೂರು ಕವಲು. ಕವಲಿನ ಕವಲಿನ ತುದಿಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಅಡುಗೆಯವರು, ಕ್ಷೌರಿಕರು, ಹೇಸರಗತ್ತೆಗಳು. ಯಾರು ಯಾರ ಮಾತು ಕೇಳಬೇಕು ಎಂಬುದನ್ನು ಗೆರೆ ಹೇಳುತ್ತದೆ. ಎರಡು ಗೆರೆಗಳು ಒಂದನ್ನೊಂದು ದಾಟಬೇಕಾಗಿ ಬಂದಲ್ಲಿ, ದಾಟುವ ಗೆರೆ ಸಣ್ಣದೊಂದು ಕಮಾನಿನಂತೆ ಎದ್ದು ಹಾರಿ ಇಳಿಯಬೇಕು. ಕಮಾನು ಇದ್ದರೆ ದಾಟಿತು ಎಂದರ್ಥ, ಇಲ್ಲದಿದ್ದರೆ ಸೇರಿತು. ಸೇರಿದಲ್ಲಿ, ಕೊನೆಗೆ ಬಂದು ಸೇರಿದ ಗೆರೆಯೇ ಯಜಮಾನ.

ಬೆಟ್ಟದ ತುದಿಯಲ್ಲಿ ನೌಕಾಪಡೆಯದೊಂದು ಹವಾಮಾನ ಠಾಣೆಯಿದೆ. ಅದಕ್ಕೆ ಹೋಗುವ ಗೆರೆ ಹೇಸರಗತ್ತೆಗಳ ಗೆರೆಯನ್ನು ದಾಟಬೇಕಿತ್ತು. ಆವತ್ತು ನಕ್ಷೆಗಾರ ಆ ಗೆರೆಯನ್ನು ಅರ್ಧ ಎಳೆದಿದ್ದಾಗ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ತಂಗಿ. ಹೆಣ್ಣು ಮಗು ಎಂದಳು. ಅವನು ಪೆನ್ನು ಇಟ್ಟು, ಕಣ್ಣೊರೆಸಿಕೊಂಡು, ಮತ್ತೆ ಪೆನ್ನು ಎತ್ತಿ ಸರಕ್ಕನೆ ನೇರ ಗೆರೆ ಎಳೆದುಬಿಟ್ಟ. ಅಷ್ಟು ಅಚ್ಚುಕಟ್ಟಾದ ಗೆರೆಯನ್ನು ಅವನು ಜೀವಮಾನದಲ್ಲಿ ಎಳೆದಿರಲಿಲ್ಲ.

ಒಂದು ವಾರದಲ್ಲಿ ಮೂರು ಪಡೆಗಳ ಮುಖ್ಯಸ್ಥರೂ ಸಹಿ ಹಾಕಿದರು. ಅವರು ನೋಡುವುದು ಒಂದನ್ನೇ, ತಮ್ಮ ಕವಲು ಪಕ್ಕದವರದಕ್ಕಿಂತ ಗಿಡ್ಡವಾಗಿಲ್ಲ ತಾನೆ ಎಂದು. ಸಹಿಯಾದ ಮೇಲೆ ಅಳಿಸುವಂತಿಲ್ಲ. ಹೀಗೆ ಹೇಸರಗತ್ತೆಗಳು ನೌಕಾಪಡೆ ಸೇರಿದವು.

ಮೊದಲು ಬೆಟ್ಟಕ್ಕೆ ನಲವತ್ತು ತೇಲುಬಳೆಗಳು ಬಂದವು, ಕತ್ತಿನ ಅಳತೆಗೆ. ಆಮೇಲೆ ಪ್ರತಿ ಪ್ರಾಣಿಯ ಪಕ್ಕೆಗೂ ಬಿಳಿ ಬಣ್ಣದಲ್ಲಿ ನಂಬರು ಬಿತ್ತು. ನೌಕಾಪಡೆಯ ಸಾಮಾನು ಪಟ್ಟಿಯಲ್ಲಿ ಹುಲ್ಲು ಎಂಬ ಪದಾರ್ಥವಿಲ್ಲದ್ದರಿಂದ ಅದನ್ನು ಇಂಧನದಲ್ಲಿ ಸೇರಿಸಿ, ದಿನಕ್ಕೆ ಇನ್ನೂರು ಲೀಟರ್ ಹುಲ್ಲು ಮಂಜೂರು ಮಾಡಿದರು. ಮುದಿ ಹೇಸರಗತ್ತೆಯೊಂದು ಸತ್ತಾಗ ಮುಳುಗಿತು ಎಂದು ವರದಿಯಾಯಿತು. ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಅದು ಮುಳುಗಿದ್ದು ಹೇಗೆ ಎಂದು ವಿಚಾರಣೆ ಇನ್ನೂ ನಡೆಯುತ್ತಿದೆ.

ನೌಕಾಪಡೆಯ ನಿಯಮದ ಪ್ರಕಾರ ರಜೆ ಸಿಗುವುದು ಹಡಗು ಬಂದರಿಗೆ ಬಂದಾಗ. ತುಕಡಿಗೆ ಹಡಗಿಲ್ಲ ಎನ್ನುವಂತಿಲ್ಲ, ತುಕಡಿಯನ್ನೇ ಹಡಗೆಂದು ದಾಖಲು ಮಾಡಿದ್ದರು. ಆ ಹಡಗು ಇನ್ನೂ ಯಾವ ಬಂದರಿಗೂ ಬಂದಿರಲಿಲ್ಲ.

ಆ ಬೆಳಿಗ್ಗೆ ನಕ್ಷೆಗಾರ ತನ್ನ ಶಾಖೆಯ ಮುಖ್ಯಸ್ಥರ ಮುಂದೆ ನಿಂತ. ಯಾವುದನ್ನು ಕೇಳಿದರೂ "ಮೇಲೆ ಕೇಳೋಣ" ಎನ್ನುವ ಅವರನ್ನು ಎಲ್ಲರೂ ಮೇಲೆಸಾಹೇಬರು ಎನ್ನುತ್ತಿದ್ದರು.

"ಸಾರ್, ಹೇಸರಗತ್ತೆ ಗೆರೆ ತಪ್ಪಾಗಿದೆ. ನನ್ನ ಕೈತಪ್ಪು."

ಅವರು ಕನ್ನಡಕ ಹಣೆಗೇರಿಸಿದರು. "ನೋಡಪ್ಪ, ತಪ್ಪು ಅನ್ನಬೇಡ. ಮೂರು ಜನ ಸಹಿ ಹಾಕಿದ್ದು ತಪ್ಪು ಹೇಗಾಗುತ್ತೆ? ಎರಡೂ ಕಡೆಯವರು ಬೇಡ ಅಂತ ಬರೆದುಕೊಟ್ಟರೆ ಮೇಲೆ ಕೇಳೋಣ."

ಎರಡನೇ ಮಹಡಿಯ ಭೂಸೇನೆಯ ಅಧಿಕಾರಿ ಕಡತದಿಂದ ತಲೆ ಎತ್ತಲಿಲ್ಲ. "ನಮ್ಮಲ್ಲಿ ಹೇಸರಗತ್ತೆಗಳೇ ಇಲ್ಲವಲ್ಲ. ನಕ್ಷೆ ನೋಡಿ."

"ನಕ್ಷೆ ಬರೆದವನು ನಾನೇ ಸಾರ್."

"ಮತ್ತೆ ನಿಮಗೇ ಗೊತ್ತಿರಬೇಕಲ್ಲ. ಇಲ್ಲದ್ದನ್ನ ಬೇಡ ಅಂತ ನಾವು ಹೇಗೆ ಬರೆದುಕೊಡೋದು?"

ಮೂರನೇ ಮಹಡಿಯಲ್ಲಿ 'ಪರ್ವತ ನೌಕಾ ವಿಭಾಗ' ಎಂಬ ಹೊಸ ಫಲಕ ಮಿಂಚುತ್ತಿತ್ತು. ಹನ್ನೊಂದು ಮೇಜು, ಹನ್ನೊಂದು ಜನ. ಯಜಮಾನರನ್ನು ಹಿಂದಿನಿಂದ ಕತ್ತೆ ಕ್ಯಾಪ್ಟನ್ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವೇನೂ ಇದ್ದಂತಿರಲಿಲ್ಲ.

"ಬಿಟ್ಟುಕೊಡೋದಾ?" ಎಂದರು ಅವರು. "ನಲವತ್ತು ವರ್ಷದಲ್ಲಿ ನೌಕಾಪಡೆ ಗೆದ್ದ ಮೊದಲ ಬೆಟ್ಟ ಕಣ್ರೀ ಅದು. ಒಂದು ಗುಂಡು ಹಾರಿಸಿಲ್ಲ."

"ಅಲ್ಲಿನವರಿಗೆ ರಜೆ ಇಲ್ಲ ಸಾರ್. ಮಗು ಮುಖ ನೋಡದವರಿದ್ದಾರೆ."

"ನನಗೂ ಕರುಳು ಇಲ್ವೇನ್ರೀ? ಬಂದರಿಗೆ ಬರಲಿ, ಆ ಕ್ಷಣ ಕಳಿಸ್ತೀನಿ. ಹಡಗು ಹೊರಡೋತನಕ ಆರಾಮಾಗಿ ಇರಲಿ. ನಾನು ತಡೆದಿದೀನಾ?"

ನಕ್ಷೆಗಾರ ಮೆಟ್ಟಿಲು ಹತ್ತಿ ತನ್ನ ಗೋಡೆಯ ಮುಂದೆ ಬಂದು ನಿಂತ. ಎದುರು ಮಾತಾಡದಿದ್ದಕ್ಕೇ ಅಲ್ಲಿ ಅವನಿಗೆ ಒಳ್ಳೆಯ ಕೆಲಸಗಾರನೆಂಬ ಹೆಸರಿತ್ತು. ತುಂಬ ಹೊತ್ತು ನಿಂತೇ ಇದ್ದ. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು, ಹೇಸರಗತ್ತೆಗಳ ಚೌಕದ ಕೆಳಗೆ ಉಳಿದಿದ್ದ ಒಂದು ಗೇಣು ಖಾಲಿ ಗೋಡೆಯನ್ನು ಸವರಿ ನೋಡಿದ. ಅಳಿಸಲು ಇಬ್ಬರ ಒಪ್ಪಿಗೆ ಬೇಕು. ಸೇರಿಸಲು ಯಾರದ್ದೂ ಬೇಡ. ಚೌಕ ಹೆಚ್ಚಾಯಿತೆಂದು ಆ ಕಟ್ಟಡದಲ್ಲಿ ಯಾರೂ ಇದುವರೆಗೆ ಗೊಣಗಿದ್ದಿಲ್ಲ.

ಆ ಖಾಲಿ ಜಾಗದಲ್ಲಿ ಅವನು ಒಂದು ಚೌಕ ಬರೆದ. ಒಳಗೆ 'ಬಂದರು' ಎಂದು ಬರೆದ. ಹೇಸರಗತ್ತೆಗಳಿಂದ ಅದಕ್ಕೊಂದು ಗೆರೆ ಇಳಿಸಿದ. ವರ್ಷದ ಹೊಸ ಪ್ರತಿ ಸಹಿಗೆ ಹೋಯಿತು. ತಮ್ಮ ಕವಲು ಒಂದು ಚೌಕ ಉದ್ದವಾದದ್ದನ್ನು ಕಂಡು ನೌಕಾಪಡೆಯ ಮುಖ್ಯಸ್ಥರು ಸಹಿಯ ಕೆಳಗೆ ಎರಡು ಗೀಟು ಹೆಚ್ಚಿಗೆ ಎಳೆದರು.

ಒಂಬತ್ತನೆಯ ದಿನ ಮಧ್ಯಾಹ್ನ ಮನೆ ಬಾಗಿಲಲ್ಲಿ ಒಬ್ಬ ನಾವಿಕ ನಿಂತಿದ್ದ. ಅಚ್ಚಬಿಳಿ ಉಡುಪು, ಬಿಳಿ ಟೋಪಿ, ಮೈಯಿಂದ ಲಾಯದ ವಾಸನೆ. ತಂಗಿ ಅವನನ್ನು ನೋಡಿ ಬಾಗಿಲು ಹಿಡಿದುಕೊಂಡಳು.

"ಇದೇನ್ರೀ ವೇಷ?" ಎಂದಳು. ಮೂರು ವರ್ಷಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ಒಗೆಯೋದೇ ಕಷ್ಟ ಕಣೆ," ಎಂದ ಅವಳ ಗಂಡ. "ಸಗಣಿ ಕಲೆ ಬೇಗ ಹೋಗಲ್ಲ."

ಮಗು ಅವನನ್ನು ನೋಡಿತು, ಗೋಡೆಯ ಫೋಟೊ ನೋಡಿತು. ಅದರಲ್ಲಿದ್ದವನಿಗೆ ಹಸಿರು ಬಟ್ಟೆ. "ಅಪ್ಪ ಅಲ್ಲಿದಾನೆ," ಎಂದು ಗೋಡೆ ತೋರಿಸಿತು. "ಇದು ಬಿಳಿ ಮಾಮ."

ಬಿಳಿ ಮಾಮನಾಗಿಯೇ ಅವನು ಹನ್ನೆರಡು ದಿನ ಕಳೆದ. ಕೈ ಸುಮ್ಮನಿರದೆ, ಮನೆಯ ಕುರ್ಚಿಗಳ ಕಾಲಿಗೆಲ್ಲ ಹಳೆ ತಗಡು ಕತ್ತರಿಸಿ ಪುಟ್ಟ ಪುಟ್ಟ ಲಾಳ ಹೊಡೆದ. ಎಳೆದಾಗ ಕುರ್ಚಿಗಳು ಟಕ್ ಟಕ್ ಎಂದು ನಡೆಯತೊಡಗಿದವು. ಹದಿಮೂರನೆಯ ದಿನ ಮಗು ತನ್ನ ಗೇಣುದ್ದದ ಕುರ್ಚಿಯನ್ನು ಎಳೆದುಕೊಂಡು ಬಂದು ಅವನ ಮುಂದೆ ಮಗುಚಿ ಹಾಕಿತು. "ಅಪ್ಪ, ಇದಕ್ಕೂ," ಎಂದಿತು. ಅವನು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಒಂದೊಂದಾಗಿ ತೆಗೆದಿಟ್ಟ. ಸ್ವಲ್ಪ ಹೊತ್ತು ಸುತ್ತಿಗೆ ಎತ್ತಲಿಲ್ಲ.

ತಿಂಗಳಾಯಿತು. ಎರಡಾಯಿತು. ರಜೆ ಮುಗಿಯಲಿಲ್ಲ. ಫೋನು ಮಾಡಿ ಕೇಳಿದರೆ ಮೂರನೇ ಮಹಡಿಯವರು, ಹಡಗು ಇನ್ನೂ ಬಂದರು ಬಿಟ್ಟಿಲ್ಲ, ಬಿಟ್ಟಾಗ ಹೇಳ್ತೀವಿ ಎನ್ನುತ್ತಿದ್ದರು. ಅಡುಗೆಯವರ ಚೌಕ ಬೇರೆಯಾದ್ದರಿಂದ ಬೆಟ್ಟದಲ್ಲಿ ಉಳಿದಿದ್ದವನು ಅಡುಗೆಯವನೊಬ್ಬನೇ. ಒಂದು ಭಾನುವಾರ ಅವನ ಕಾಗದ ಬಂತು. ಲಾಳದವನು ಅದನ್ನು ಊಟದ ತಟ್ಟೆ ಮುಂದೆಯೇ ಓದಿದ: "ಗೊರಸು ವಿಪರೀತ ಬೆಳೆದಿವೆ. ನನಗೆ ಅನ್ನ ಬೇಯಿಸೋದು ಗೊತ್ತು, ಲಾಳ ಗೊತ್ತಿಲ್ಲ. ಏಳನೇ ನಂಬರು ಕುಂಟುತ್ತಿದೆ. ದಿನಾ ದಾರಿ ಕಡೆ ನೋಡುತ್ತೆ."

ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. "ಭಾವ, ನೀವು ಆ ಆಫೀಸಿನವರು. ಈ ಬಂದರು ಹಾಕಿದ ಪುಣ್ಯಾತ್ಮ ಯಾರು ಅಂತ ಪತ್ತೆ ಮಾಡಿ. ಅವನ ಕಾಲಿಗೆ ಬೀಳ್ತೀನಿ."

ನಕ್ಷೆಗಾರ ಉಪ್ಪಿನಕಾಯಿ ಹಾಕಿಕೊಂಡ.

"ಹಾಗೇ ನಮ್ಮನ್ನ ನೌಕಾಪಡೆಗೆ ತಳ್ಳಿದವನು ಯಾರು ಅಂತಾನೂ ಪತ್ತೆ ಮಾಡಿ. ಅವನ ಕಾಲಿಗೆ ಲಾಳ ಹೊಡೀತೀನಿ."

ಮಗುವಿನ ಕುರ್ಚಿ ಒಮ್ಮೆ ಟಕ್ ಎಂದಿತು. ನಕ್ಷೆಗಾರ ನೀರು ಕುಡಿದು, ಲೋಟ ಕೆಳಗಿಟ್ಟ. ಆ ಮೌನವನ್ನು ಅವನು ಬಲ್ಲ. ಎರಡು ವರ್ಷ ಹತ್ತು ತಿಂಗಳು ಅದರಲ್ಲೇ ಬಾಳಿದ್ದ. ಈ ಸಲ ಅದರಿಂದ ಹೊರಗೆ ಬಂದ.

"ಎರಡೂ ಒಬ್ಬನೇ," ಎಂದ. ಕಾಲನ್ನು ತುಸು ಮುಂದೆ ಚಾಚಿದ. "ಇದೇ ಕಾಲು."

ಆಮೇಲೆ ಎಲ್ಲ ಹೇಳಿದ. ಅರ್ಧ ಗೆರೆ, ಫೋನು, ಕಮಾನು. ಲಾಳದವನು ಅವನ ಮುಖ ನೋಡಲಿಲ್ಲ, ಚಾಚಿದ ಆ ಕಾಲನ್ನೇ ಬಹಳ ಹೊತ್ತು ನೋಡಿದ. ಕೊನೆಗೆ ಹೇಳಿದ್ದು ಇಷ್ಟು: "ಹಿಮ್ಮಡಿ ಒಂದು ಕಡೆ ಸವೆದಿದೆ ನಿಮ್ಮದು. ಓರೆ ಹೆಜ್ಜೆ."

ತಂಗಿ ಸಾರಿನ ಸೌಟು ಹಿಡಿದು ನಿಂತೇ ಇದ್ದಳು. ಮಗಳು ಹುಟ್ಟಿದಂದಿನಿಂದ ಕಾದ ಬೆಳಗುಗಳೆಲ್ಲ ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದದ್ದನ್ನು ನಕ್ಷೆಗಾರ ಕಂಡ.

"ಆವತ್ತು ಆಸ್ಪತ್ರೆಯಿಂದ ಫೋನು ಮಾಡಿದ್ದು ನಾನಲ್ವಾ?" ಎಂದಳು.

"ಹೌದು."

"ಹಾಗಾದ್ರೆ ಅರ್ಧ ಗೆರೆ ನಂದು." ಅವಳು ಅವನಿಗೆ ಸಾರು ಬಡಿಸಿದಳು. ನಂತರ ಸೌಟಿನಿಂದ ಅವನ ತಟ್ಟೆಯ ಅಂಚಿಗೆ ಒಂದು ಬಡಿದಳು, ಜೋರಾಗಿಯೇ. "ಮಿಕ್ಕ ಅರ್ಧಕ್ಕೆ ಇದು. ಮೊದಲೇ ಬಾಯಿ ಬಿಟ್ಟಿದ್ರೆ ನಿನ್ನ ಮುತ್ತು ಉದುರಿ ಹೋಗ್ತಿತ್ತಾ?"

ಸಂಜೆಯವರೆಗೆ ಲಾಳದವನು ಮಗುವಿನ ಜೊತೆ ಕುರ್ಚಿ ನಡೆಸಿದ. ಆಮೇಲೆ ಭಾವನ ಪಕ್ಕಕ್ಕೆ ಬಂದು ಕುಳಿತ.

"ಹಡಗು ಹೊರಡಿಸಿ ಭಾವ."

"ಹೊರಟರೆ ಮತ್ತೆ ಬರೋದು ಯಾವಾಗ ಅಂತ ಗೊತ್ತಿಲ್ಲವಲ್ಲ."

"ಬರೋ ಹಾಗೆ ಹೊರಡಿಸಿ. ಏಳನೇ ನಂಬರು ಕುಂಟ್ತಾ ಇದೆ, ನನಗೆ ಇಲ್ಲಿ ಅನ್ನ ಇಳಿಯಲ್ಲ. ಅಲ್ಲಿದ್ರೆ ಇವಳನ್ನ ಬಿಟ್ಟು ಇಳಿಯಲ್ಲ. ಬಸ್ಸು ಬೆಳಿಗ್ಗೆ ಆರೂವರೆಗಿದೆ. ಮಿಕ್ಕಿದ್ದು ನಿಮ್ಮ ಕೈಲಿ."

ಮರುದಿನ ನಕ್ಷೆಗಾರ, ಹಡಗು ಹೊರಡಬೇಕೆಂದು ಮೇಲೆಸಾಹೇಬರಿಗೆ ತಿಳಿಸಿ ಬಂದು, ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ಬಂದರಿನ ಪಕ್ಕ 'ಸಮುದ್ರ' ಎಂಬ ಇನ್ನೊಂದು ಚೌಕ ಬರೆದ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಸಂಚಾರ, ಎರಡು ತಿಂಗಳು ಸಮುದ್ರ, ಒಂದು ತಿಂಗಳು ಬಂದರು. ಸಮುದ್ರದಿಂದ ಬಂದರಿಗೆ ಹಿಂತಿರುಗುವ ಗೆರೆ ಎಳೆಯಬೇಕು. ಅದಕ್ಕೆ ಅಡ್ಡವಾಗಿ ವಾಯುಪಡೆಯ ಯಾವುದೋ ಉಗ್ರಾಣದ ಗೆರೆ ಇಳಿದುಬಂದಿತ್ತು. ದಾಟದೆ ದಾರಿಯಿಲ್ಲ.

ಗೆರೆ ಅರ್ಧಕ್ಕೆ ಬಂದಾಗ ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು.

ಅವನು ಎದ್ದು ಹೋಗಲಿಲ್ಲ. ಉಸಿರು ಬಿಗಿಹಿಡಿದು, ಅಡ್ಡಗೆರೆ ಹತ್ತಿರ ಬಂದಾಗ ಪೆನ್ನನ್ನು ನಿಧಾನವಾಗಿ ಮೇಲಕ್ಕೆ ತಿರುಗಿಸಿ, ಕಡಲೆಕಾಳಿನಷ್ಟು ಕಮಾನು ಬಿಟ್ಟು, ಆಚೆ ಇಳಿಸಿದ. ಶಾಯಿ ಒಣಗುವವರೆಗೆ ಊದಿದ. ಫೋನು ಇನ್ನೂ ಅರಚುತ್ತಲೇ ಇತ್ತು.

ಎತ್ತಿದರೆ, ಮೂರನೇ ಮಹಡಿಯ ಕತ್ತೆ ಕ್ಯಾಪ್ಟನ್. "ಏನ್ರೀ, ಸತ್ತುಹೋಗಿದೀರಾ ಅಂದುಕೊಂಡೆ. ಹಡಗು ಹೊರಡುತ್ತೆ ಅಂತ ನಿಮ್ಮ ಸಾಹೇಬರು ಹೇಳಿದ್ರು. ಮೇಲೆ ಕೇಳಿದಾರಂತೆ, ಒಪ್ಪಿಗೆ ಆಗಿದೆಯಂತೆ. ನಮಗೆ ಬೇಕಾದ್ದು ಒಂದೇ, ಆ ಬಂದರಲ್ಲಿ ಉಬ್ಬರ ಬರೋದು ಎಷ್ಟು ಗಂಟೆಗೆ? ಉಬ್ಬರ ಇಲ್ಲದೆ ಹಡಗು ಬಿಡೋ ಹಾಗಿಲ್ಲ."

ನಕ್ಷೆಗಾರ ಪೆನ್ನಿನ ಮುಚ್ಚಳ ಹಾಕಿದ.

"ಬೆಳಿಗ್ಗೆ ಆರೂವರೆಗೆ ಸಾರ್," ಎಂದ. "ಒಂದೈದು ನಿಮಿಷ ಹಿಂದೆಮುಂದೆ ಆಗಬಹುದು."