ಹುಲಿ ಬಿಟ್ಟ ತುಂಡು

"ಬಿಚ್ಚೋ ಡಬ್ಬೀನ, ಬೋಳಿಮಗನೇ!"

ಮೃಗಾಲಯದ ಸಾಹೇಬರು ಗೇಟಿನಲ್ಲೇ ಅಬ್ಬರಿಸಿದ್ದಕ್ಕೆ ಹುಲಿಯಣ್ಣನ ಕೈಯಿಂದ ಊಟದ ಡಬ್ಬಿ ಜಾರಿಬಿತ್ತು. ಮಾಂಸದ ತುಂಡೊಂದು ಮಣ್ಣಿನಲ್ಲಿ ಹೊರಳಿ ಟಿಕೆಟಿಗೆ ಸಾಲು ನಿಂತವರ ಕಾಲ ಬುಡಕ್ಕೆ ಹೋಯಿತು. ಒಬ್ಬಾಕೆ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು.

"ಹುಲಿ ಯಾಕೆ ಬಡಕಲಾಯ್ತು ಅಂತ ಮೇಲಿನವರು ನನ್ನ ಪ್ರಾಣ ತಿಂತಿದಾರೆ. ಇಲ್ಲಿದೆ ನೋಡು ಕಾರಣ! ಹುಲಿ ಬಾಯಿಂದ ಕಿತ್ಕೊಂಡು ತಿಂತೀಯಲ್ಲೋ, ಮಾನಗೆಟ್ಟವನೇ!"

"ತಪ್ಪಾಯ್ತು ಬುದ್ಧಿ. ಅದು ಬಿಟ್ಟಿದ್ದೇ ತಗೊಂಡಿದ್ದು. ವಯಸ್ಸಾಯ್ತು, ಹಲ್ಲಿಲ್ಲ ಅದಕ್ಕೆ…"

"ಬಿಟ್ಟಿದ್ದಕ್ಕೆ ಫಿನಾಯಿಲ್ ಹುಯ್ದು ಹೂಳಬೇಕು. ಗೊತ್ತಿಲ್ವೇನೋ?"

ಗೊತ್ತಿಲ್ಲದೆ ಏನು! ಹುಯ್ಯುವವನೂ ಅವನೇ, ಹೂಳುವವನೂ ಅವನೇ. ಕೆಲಸದವರು ಮನೆಗೆ ಒಯ್ದಾರು ಎಂದೇ ಆ ನಿಯಮ ಹುಟ್ಟಿದ್ದು. ಬೆಳಿಗ್ಗೆ ಮಾಂಸ ಬಂದೊಡನೆ ಒಳ್ಳೆಯ ತೊಡೆಯೊಂದನ್ನು ಕೊಯ್ದು, ಸಾಹೇಬರ ಮನೆಯ ನಾಯಿಗೆಂದು ಜೀಪಿನಲ್ಲಿ ಇಡುವವನೂ ಅವನೇ. ಅದಕ್ಕೆ ಯಾವ ನಿಯಮವೂ ಇರಲಿಲ್ಲ, ಅವನು ಮನೆಯಲ್ಲಿ ಗೊಣಗುವುದಷ್ಟೇ. ಹೆಸರಿಗೆ ಹುಲಿಯಣ್ಣ; ಹುಲಿಮನೆಯಲ್ಲಿ ದುಡಿಯುತ್ತಾನೆಂದು ಜೊತೆಯವರು ಇಟ್ಟ ಹೆಸರು. ಸಾಹೇಬರ ಜೀಪಿನ ಸದ್ದು ಕೇಳಿದರೆ ಬೀಡಿಯನ್ನು ಅಂಗೈಯಲ್ಲೇ ಹೊಸಕಿಕೊಳ್ಳುವ ಪ್ರಾಣಿ.

ಮನೆಯಲ್ಲಿ ಬಾಣಂತಿ ಮಗಳಿದ್ದಳು. ಮೊಲೆಯಲ್ಲಿ ಹಾಲಿರಲಿಲ್ಲ. ಮಾಂಸ ತಿನ್ನಿಸಿ ಎಂದು ಸೂಲಗಿತ್ತಿ ಹೇಳಿಹೋಗಿದ್ದಳು, ಹೇಳುವುದಕ್ಕೇನು! ಅಂದಿನಿಂದ ಅವನು ಫಿನಾಯಿಲ್ ಬೀಳುವ ಮೊದಲೇ ಒಂದು ತುಂಡು ಎತ್ತಿಡುತ್ತಿದ್ದ. ಒಂದು ಸಲ ಮಾತ್ರ ಸಾಹೇಬರು ಎದುರಿಗೇ ನಿಂತು ಹುಯ್ಯಿಸಿದ್ದರು. ಅದನ್ನೂ ಬಿಡಲಿಲ್ಲ, ನಲ್ಲಿಯ ಕೆಳಗೆ ಬೆರಳು ಮರಗಟ್ಟುವ ತನಕ ತೊಳೆದು ಒಯ್ದ. "ಕಟುಕ ನನ್ನ ಗೆಳೆಯ ಕಣಮ್ಮ, ಸುಮ್ನೆ ಕೊಟ್ಟ" ಎಂದ. ಮಗಳು ಉಂಡಳು. ಕದ್ದದ್ದಕ್ಕಿಂತ ಆ ಸುಳ್ಳಿಗೇ ಅವನು ಹೆಚ್ಚು ನಾಚಿದ.

"ಇವನ ಕೊರಳಿಗೆ ಕಟ್ಟೋ ಆ ತುಂಡನ್ನ," ಸಾಹೇಬರು ಗೇಟಿನವನಿಗೆ ಹೇಳಿದರು. "ಬಾಗಿಲು ಹಾಕೋ ತನಕ ಹುಲಿ ಬೋನಿನ ಮುಂದೆ ನಿಲ್ಲಲಿ. ಜನ ನೋಡಲಿ."

ಜನ ನೋಡಿದರು. ಯಾವುದೋ ಕಾಲದ ರಾಜ ಬೇಟೆಯ ಹುಚ್ಚು ತೀರಿದ ಮೇಲೆ ಕಟ್ಟಿಸಿದ ಬೋನುಗಳವು. ಕಂಬಿ ದಪ್ಪ, ಒಳಗೆ ಕತ್ತಲೆ. ಹೊರಗೆ ನಿಂತವನೇ ಚೆನ್ನಾಗಿ ಕಾಣುತ್ತಿದ್ದ. ಒಬ್ಬ ಹುಡುಗ ಕಡಲೆಕಾಯಿ ಎಸೆದ, ಅವನಪ್ಪ ನಕ್ಕ. ಮುದಿ ಹುಲಿ ಒಮ್ಮೆ ಮೂಸಿ ನೋಡಿ, ಬೆನ್ನು ತಿರುಗಿಸಿ ಮಲಗಿತು. ಭೂಮಿ ಬಾಯ್ಬಿಡಬಾರದೆ ಅನ್ನಿಸಿ ಹುಲಿಯಣ್ಣ ತಲೆ ತಗ್ಗಿಸಿದ.

ತಗ್ಗಿಸಿದ ಕಣ್ಣಿಗೆ ಮಗಳ ಸವೆದ ಚಪ್ಪಲಿ ಕಂಡವು. ಯಾರೋ ಸುದ್ದಿ ಮುಟ್ಟಿಸಿದ್ದರು. ಕೂಸನ್ನು ಎತ್ತಿಕೊಂಡು, ಎಲ್ಲರ ಹಾಗೆ ಟಿಕೆಟು ಕೊಂಡು ಬಂದಿದ್ದಳು.

"ಅಯ್ಯೋ, ನೀನ್ಯಾಕೆ ಬಂದೆ ತಾಯಿ… ಕಟುಕ ಕೊಟ್ಟ ಅಂತ ನಿನಗೆ…"

"ಸುಮ್ನಿರಪ್ಪ. ಫಿನಾಯಿಲ್ ವಾಸನೆ ಅವತ್ತೇ ಬಂದಿತ್ತು. ಮೂಗು ಹಿಡ್ಕೊಂಡು ತಿಂದೆ. ಹಾಲು ಬಂತಲ್ಲ."

ಇಷ್ಟು ದಿನವೂ ಗೊತ್ತಿದ್ದೇ ಉಂಡಿದ್ದಳು. ಅವಳು ಕೂಸನ್ನು ಹೆಗಲಿಗೆ ಒರಗಿಸಿ, ಅವನ ಕೊರಳ ದಾರದ ಗಂಟನ್ನು ಹಲ್ಲಿನಿಂದ ಬಿಡಿಸತೊಡಗಿದಳು.

"ಏಯ್, ಯಾರೇ ನೀನು? ಮುಟ್ಟಬೇಡ, ಸರ್ಕಾರಿ ಮಾಲು ಅದು!" ಸಾಹೇಬರು ದಾಪುಗಾಲು ಹಾಕಿ ಬಂದರು.

"ಇವನ ಮಗಳು. ಇದನ್ನ ತಿಂದವಳು ನಾನೇ." ಗಂಟು ಬಿಚ್ಚಿತು. "ನಿಮ್ಮ ನಾಯಿ ಹುಲಿಗಿಂತ ಮುಂಚೆ ತಿನ್ನುತ್ತೆ ಸಾಹೇಬ್ರೇ, ನಾನು ಹುಲಿ ಬಿಟ್ಟ ಮೇಲೆ ತಿಂತೀನಿ. ಹುಲೀನ ಬಡಕಲು ಮಾಡಿದ್ದು ಯಾರು? ಇಷ್ಟು ಜನ ಇದಾರೆ, ಕೇಳೋಣ್ವಾ?"

ನಗುತ್ತಿದ್ದವನೊಬ್ಬ ಸಾಹೇಬರ ಮುಖವನ್ನೇ ನೋಡಿದ. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಅವಳು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತುಂಡನ್ನು ಅದರಲ್ಲಿ ಕಟ್ಟಿದಳು.

"ನಡಿಯಪ್ಪ, ಒಲೆ ಹಚ್ಚಬೇಕು."

ಅವಳು ಹೊರಟಳು. ಜನ ದಾರಿ ಬಿಟ್ಟರು, ಯಾರೂ ತಡೆಯಲಿಲ್ಲ. ಸ್ವಲ್ಪ ದೂರ ಹೋಗಿ ತಿರುಗಿದಳು. "ಅಪ್ಪಾ, ಬಾ!"

ಹುಲಿಯಣ್ಣನ ಕಾಲು ಏಳಲಿಲ್ಲ. ಕೊರಳಲ್ಲಿ ಈಗ ಏನೂ ಇರಲಿಲ್ಲ, ಹಿಡಿದವರೂ ಇರಲಿಲ್ಲ. ಆದರೂ ಅವನು ಮಗಳ ಕಡೆ ನೋಡದೆ, ಕೈಕಟ್ಟಿಕೊಂಡು ಸಾಹೇಬರ ಮುಖ ನೋಡುತ್ತಿದ್ದ, ಹೋಗು ಅನ್ನಲಿ ಅಂತ.